ಪ್ರಕಟಣೆ ಬರೆಯುವ ಮೊದಲು ಮೀನು ಮಾರ್ಕೆಟ್ಟಿಗೆ ಹೋಗಿ ಬನ್ನಿ

ಕಾರವಾರದ ಒಂದು ಆಸ್ಪತ್ರೆಯಲ್ಲಿ ನಾನು ಸಾರ್ವಜನಿಕ ಸಂಪರ್ಕದ ಕೆಲಸ ನೋಡಿಕೊಳ್ಳುತ್ತಿದ್ದೆ. ಮೀನು ಮಾರುವ ಹೆಂಗಸರಿಗಾಗಿ ಉಚಿತ ಕಣ್ಣಿನ ಶಿಬಿರ ಇಟ್ಟಾಗ ಪ್ರಕಟಣೆ ಬರೆದವಳು ನಾನೇ. ಅದರ ಕೊನೇ ಸಾಲು ನಿಮಗೂ ಬಾಯಿಪಾಠ ಇರುತ್ತೆ: ‘ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.’ ಪತ್ರಿಕೆಗಳಲ್ಲಿ ಚೆನ್ನಾಗಿಯೇ ಬಂತು. ಮಾರ್ಕೆಟ್ಟಿನಿಂದ ಬಂದವರು ಇಬ್ಬರೇ.

ಫ್ಲೆಕ್ಸ್ ಸಾಲಲಿಲ್ಲವೇನೋ ಅಂದುಕೊಂಡು ಮಾರ್ಕೆಟ್ಟಿಗೆ ಹೋದೆ. ಸುದ್ದಿ ಎಲ್ಲರಿಗೂ ಗೊತ್ತಿತ್ತು. ಬಂಗಡೆ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹಿರಿಯರು ಕೊಂಕಣಿಯಲ್ಲಿ ಹೇಳಿದರು: “ಅಮ್ಮಾ, ಪರೀಕ್ಷೆಗೆ ಅಂತ ಕಣ್ಣಿಗೆ ಔಷಧಿ ಹಾಕಿದರೆ ತಾಸುಗಟ್ಟಲೆ ಕಣ್ಣು ಮಂಜು. ಆಮೇಲೆ ನೋಟು ಗುರುತು ಹಿಡಿಯೋದು ಹೇಗೆ? ಅದೂ ಬೆಳಿಗ್ಗೆ ಹತ್ತಕ್ಕೆ ಬರ್ಬೇಕಂತೆ. ಈ ಬುಟ್ಟಿ ಯಾರು ಖಾಲಿ ಮಾಡ್ತಾರೆ?”

ಓದುವಾಗ ಪರೀಕ್ಷೆಗೆಂದು ಕಲಿತ ಒಂದು ಸಿದ್ಧಾಂತ ನನಗೆ ಅವತ್ತು ಅರ್ಥವಾಯಿತು. ಸಾರ್ವಜನಿಕ ಸಂಪರ್ಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಜೇಮ್ಸ್ ಗ್ರೂನಿಗ್ ಜನರ ಬಗ್ಗೆ ಮೂರು ವಿಷಯ ನೋಡಿ ಅನ್ನುತ್ತಾರೆ. ಇದು ಸಮಸ್ಯೆ ಅಂತ ಅವರಿಗೆ ಅನ್ನಿಸಿದೆಯಾ? ತಮಗೆ ಸಂಬಂಧಪಟ್ಟದ್ದು ಅನ್ನಿಸಿದೆಯಾ? ಅಡ್ಡಿ ಏನಿದೆ? ನಮ್ಮ ಪ್ರಕಟಣೆಗಳೆಲ್ಲ ಮೊದಲ ಪ್ರಶ್ನೆಗೇ ಉತ್ತರ ಕೊಡುತ್ತಾ ಕೂರುತ್ತವೆ. ಕಣ್ಣು ಮುಖ್ಯ, ಪೊರೆ ಬಂದರೆ ತೋರಿಸಿ, ಇತ್ಯಾದಿ. ಆ ಹೆಂಗಸರಿಗೆ ಇದೆಲ್ಲ ನಮಗಿಂತ ಜಾಸ್ತಿ ಗೊತ್ತಿತ್ತು. ತಡೆದದ್ದು ಮೂರನೆಯದು.

ಹಾಗಾಗಿ ಬರೆಯುವ ಮೊದಲೇ ಹೋಗಿ. ಅವರಿಗೆ ಬಿಡುವಿದ್ದಾಗ ಹೋಗಿ, ನಿಮಗೆ ಬಿಡುವಿದ್ದಾಗ ಅಲ್ಲ. ಕಾರವಾರದ ಮಾರ್ಕೆಟ್ಟಿನಲ್ಲಿ ಅಂದರೆ ವ್ಯಾಪಾರದ ಭರಾಟೆ ಇಳಿದ ಮೇಲೆ. ‘ಬರ್ತೀರಾ?’ ಅಂತ ಕೇಳಿದರೆ ಎಲ್ಲರೂ ‘ಹೂಂ’ ಅಂತಾರೆ. ‘ಬರೋಕೆ ಏನು ತೊಂದರೆ?’ ಅಂತ ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಇನ್ನೊಂದು ಪ್ರಶ್ನೆ ಬಿಡಬೇಡಿ: ‘ಮನೆಯಲ್ಲಿ ಹುಷಾರಿಲ್ಲದಿದ್ರೆ ಮೊದಲು ಯಾರನ್ನು ಕೇಳ್ತೀರಿ?’ 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಹೊತ್ತಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊದ ಒಂದು ಕೌಂಟಿಯಲ್ಲಿ ಮತದಾರರನ್ನು ಮಾತಾಡಿಸಿದರು. ರೇಡಿಯೊ, ಪತ್ರಿಕೆಗಿಂತ ಪರಿಚಯದವರ ಮಾತು ಹೆಚ್ಚು ನಾಟಿತ್ತು. ಸುದ್ದಿ ಮೊದಲು ಕೆಲವರಿಗೆ ತಲುಪುತ್ತೆ, ಅವರಿಂದ ಉಳಿದವರಿಗೆ. ನಮ್ಮಲ್ಲೂ ಹಾಗೇ ಅಲ್ವಾ? ಆ ಕೆಲವರು ಸಂಘದ ಅಧ್ಯಕ್ಷರೇ ಆಗಿರಬೇಕಿಲ್ಲ. ನನಗೆ ಮತ್ತೆ ಮತ್ತೆ ಸಿಕ್ಕ ಹೆಸರು ಸಿಗಡಿ ಸುಲಿಯುವ ಒಬ್ಬ ಅಕ್ಕನದು.

ಅಂಥವರಿಗೆ ಪೂರ್ತಿ ನಿಜ ಹೇಳಿ. ಕಣ್ಣು ಮಂಜಾಗುತ್ತೆ, ಜೊತೆಗೆ ಒಬ್ಬರು ಬೇಕು ಅನ್ನೋದನ್ನೂ ಮುಚ್ಚಿಡಬೇಡಿ. ಆಮೇಲೆ, ‘ಅಕ್ಕ, ನೀವು ಪಕ್ಕದವರಿಗೆ ಇದನ್ನ ಹೇಗೆ ಹೇಳ್ತೀರಿ?’ ಅಂತ ಕೇಳಿ. ನಾನು ‘ತಪಾಸಣೆ’ ಅಂದದ್ದು ಅವರ ಬಾಯಲ್ಲಿ ‘ಆಪರೇಶನ್’ ಆಗಿತ್ತು! ಅಲ್ಲೇ ತಿದ್ದಿಕೊಂಡೆವು.

ಕಷ್ಟದ ಕೆಲಸ ಆಫೀಸಿನಲ್ಲಿದೆ. ಗ್ರೂನಿಗ್ ಮತ್ತು ಟಾಡ್ ಹಂಟ್ 1984ರಲ್ಲಿ ಸಾರ್ವಜನಿಕ ಸಂಪರ್ಕದ ನಾಲ್ಕು ಮಾದರಿ ಹೇಳಿದರು. ನಾಲ್ಕನೆಯದರಲ್ಲಿ ಜನರ ಮಾತು ಕೇಳಿ ಸಂಸ್ಥೆಯೂ ಬದಲಾಗಬೇಕು. ಇದನ್ನು ಮೇಲಿನವರಿಗೆ ಭಾಷಣದಂತೆ ಹೇಳಬೇಡಿ. ಬರೆದುಕೊಂಡ ಚೀಟಿಯನ್ನೇ ಓದಿ. ‘ನೋಟು ಗುರುತು ಹಿಡಿಯೋದು ಹೇಗೆ’ ಅನ್ನುವ ಮಾತು ಕೇಳಿ ನಮ್ಮ ಡಾಕ್ಟರು ತಾವೇ ಕ್ಯಾಲೆಂಡರ್ ತೆಗೆದರು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿ ಮೀನು, ಒಣಮೀನಿನ ವ್ಯಾಪಾರ ಇದ್ದರೂ ಒತ್ತಡ ಕಡಿಮೆ. ಮುಂದಿನ ಶಿಬಿರ ಜೂನ್ ಮೊದಲ ವಾರಕ್ಕೆ, ಮಧ್ಯಾಹ್ನ ಮೂರು ಗಂಟೆಗೆ ಹೋಯಿತು.

ಪ್ರಕಟಣೆಯ ಕೊನೇ ಸಾಲನ್ನೂ ಬದಲಾಯಿಸಿದೆ: ‘ಕಣ್ಣಿಗೆ ಔಷಧಿ ಹಾಕಿದ ಮೇಲೆ ಕೆಲವು ತಾಸು ಕಣ್ಣು ಮಂಜಾಗುತ್ತದೆ. ಮನೆಯವರೊಬ್ಬರನ್ನು ಕರೆತನ್ನಿ.’

ಶಿಬಿರದ ದಿನ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಡಿ. ಬಂದವರನ್ನೆಲ್ಲ ‘ಯಾರು ಹೇಳಿದ್ರು?’ ಅಂತ ಕೇಳಿ ಬರೆಯಿರಿ. ನಮ್ಮದರಲ್ಲಿ ಪತ್ರಿಕೆಯ ಹೆಸರು ಅಲ್ಲೊಂದು ಇಲ್ಲೊಂದು. ಉಳಿದ ಸಾಲುಗಳಲ್ಲೆಲ್ಲ ‘ಸಿಗಡಿ ಅಕ್ಕ’.