ಚಕಮಕಿ ಪಿಸ್ತೂಲು ಕೊಳ್ಳುವ ಮುನ್ನ ಅದನ್ನು ಓದುವುದು ಹೇಗೆ?

ಮಲೆನಾಡಿನ ಹಳೆಯ ಮನೆಯೊಂದರಲ್ಲಿ ನಾನು ನೋಡಿದ ಪಿಸ್ತೂಲು ಫಳಫಳ ಹೊಳೆಯುತ್ತಿತ್ತು. ನೋಡಲು ಜನ ಬರುತ್ತಾರೆಂದು ಮನೆಯವರು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದರು. ಲಾಕಿನ, ಅಂದರೆ ಕಿಡಿ ಹಾರಿಸುವ ಯಂತ್ರದ, ತಗಡಿನ ಮೇಲಿದ್ದ ಗುರುತುಗಳಲ್ಲಿ ಉಳಿದಿದ್ದದ್ದು ಅರ್ಧ ಕಿರೀಟ, ಎರಡು ಗೀರು ಅಷ್ಟೇ. ಆದ್ದರಿಂದ ಮಾಡಬಾರದ್ದನ್ನೇ ಮೊದಲು ಹೇಳುತ್ತೇನೆ: ತಿಕ್ಕಬೇಡಿ. ಕಬ್ಬಿಣದ ಮೇಲಿನ ಕಂದು ಪದರವೇ ಅದರ ವಯಸ್ಸಿನ ಸಾಕ್ಷಿ.

ಕೈಗೆತ್ತಿಕೊಂಡ ಕೂಡಲೇ ಮಾಡಬೇಕಾದ ಕೆಲಸ, ಒಳಗೆ ಮದ್ದು ಇದೆಯೇ ಎಂದು ನೋಡುವುದು. ಒಣಗಿದ ಕರಿಮದ್ದು ನೂರಾರು ವರ್ಷ ಕಳೆದರೂ ಹೊತ್ತಿಕೊಳ್ಳಬಲ್ಲದು. ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಪಕ್ಕದಲ್ಲಿ ನಿಂತು, ತೆಳ್ಳನೆಯ ಮರದ ಕಡ್ಡಿಯೊಂದನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ. ಅದು ನಿಂತಾಗ ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆಯಿರಿ. ಕಡ್ಡಿಯ ತುದಿ ಹಿಂಬದಿಯ ಸಣ್ಣ ರಂಧ್ರದ, ಅಂದರೆ ‘ಕಿವಿ’ಯ ಹತ್ತಿರ ಬರಬೇಕು. ಒಂದೆರಡು ಅಂಗುಲ ಮೊದಲೇ ನಿಂತರೆ ಒಳಗೆ ಮದ್ದುಗುಂಡು ಇರಬಹುದು. ಅಂಥದ್ದನ್ನು ನೀವೇ ಕೆದಕಬೇಡಿ, ಬಂದೂಕು ದುರಸ್ತಿಯ ಪರವಾನಗಿ ಉಳ್ಳವರಿಗೆ ತೋರಿಸಿ.

ಹಣ ಕೊಡುವ ಮುನ್ನ ಕಾನೂನನ್ನೂ ನೋಡಿಕೊಳ್ಳಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುವುದು, ದುರಸ್ತಿ ಮಾಡಿದರೂ ಅದು ಗುಂಡು ಹಾರಿಸಲಾರದಂತಿದ್ದರೆ ಮಾತ್ರ. ‘ಅಜ್ಜನ ಕಾಲದ್ದು’ ಎಂಬ ಮಾತು ಸಾಲದು. ಪೊಲೀಸ್ ಠಾಣೆಯಲ್ಲಿ ಲಿಖಿತವಾಗಿ ವಿಚಾರಿಸಿ. ನೂರು ವರ್ಷ ದಾಟಿದ್ದಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ಅದರಂತೆ ಮಾರಾಟವನ್ನು ವ್ಯಾಪಾರವಾಗಿ ನಡೆಸುವವರಿಗೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಇನ್ನು ಪರೀಕ್ಷೆ. ಈ ಪಿಸ್ತೂಲಿನಲ್ಲಿ ‘ಕುದುರೆ’ಯ ದವಡೆಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಎದುರಿನ ಉಕ್ಕಿನ ಪಟ್ಟಿಗೆ ಉಜ್ಜಿ ಕಿಡಿ ಹಾರಿಸುತ್ತದೆ. ಅದೇ ಪೆಟ್ಟಿಗೆ ಪಟ್ಟಿ ಮುಂದಕ್ಕೆ ಸರಿದು ರಂಜಕದ, ಅಂದರೆ ಮೊದಲು ಹೊತ್ತುವ ಚಿಟಿಕೆ ಮದ್ದಿನ, ಬಟ್ಟಲು ತೆರೆದುಕೊಳ್ಳುತ್ತದೆ, ಬಟ್ಟಲಿನ ಉರಿ ಕಿವಿಯ ಮೂಲಕ ಒಳಗಿನ ಮದ್ದಿಗೆ ತಗಲುತ್ತದೆ. 17ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಯಂತ್ರವನ್ನು 19ನೇ ಶತಮಾನದ ನಡುವಿನ ಹೊತ್ತಿಗೆ ಕೇಪಿನ ಕೋವಿ (ಪೆಟ್ಟು ಬಿದ್ದರೆ ಹೊತ್ತುವ ಪುಟ್ಟ ಲೋಹದ ಟೋಪಿಯದ್ದು) ಮೂಲೆಗೆ ತಳ್ಳಿತು. ಬೆಲೆಯ ತಕರಾರು ಹುಟ್ಟುವುದು ಇಲ್ಲೇ. ಆಗ ಸಾವಿರಾರು ಚಕಮಕಿ ಪಿಸ್ತೂಲುಗಳ ಕುದುರೆ ಬದಲಿಸಿ, ಬಟ್ಟಲು ತೆಗೆದು, ಕೇಪಿಗೆ ಒಗ್ಗಿಸಿದರು. ಮುಂದೆ ಸಂಗ್ರಾಹಕರು ಚಕಮಕಿಯದ್ದಕ್ಕೇ ಹೆಚ್ಚು ಹಣ ಕೊಡತೊಡಗಿದಾಗ ಅವೇ ಪಿಸ್ತೂಲುಗಳಿಗೆ ಹೊಸ ಕುದುರೆ, ಹೊಸ ಬಟ್ಟಲು ಕೂಡಿಸಿ ಮರಳಿ ಚಕಮಕಿ ಮಾಡಿದರು.

ಇದನ್ನು ಹಿಡಿಯಲು ಭೂತಗನ್ನಡಿ, ಓರೆಯಾಗಿ ಬೀಳುವ ಬೆಳಕು ಸಾಕು. ಕಿವಿಯ ಸುತ್ತ ನಳಿಗೆಯನ್ನು ಮದ್ದಿನ ಉರಿ ತಿಂದಿದ್ದರೆ ಬಟ್ಟಲನ್ನೂ ತಿಂದಿರಬೇಕು. ನಳಿಗೆ ಗುಳಿಬಿದ್ದು ಬಟ್ಟಲು ನುಣ್ಣಗಿದ್ದರೆ ಅನುಮಾನಪಡಿ. ಉಕ್ಕಿನ ಪಟ್ಟಿಯ ಮುಖದ ಮೇಲೆ ಕಲ್ಲು ಎಳೆದ ಉದ್ದುದ್ದ ಗೀರುಗಳಿವೆಯೇ? ಇರಬೇಕು. ತಗಡಿನಲ್ಲಿ ತೂತು ಮುಚ್ಚಿದ ದುಂಡು ಕಲೆಗಳಿವೆಯೇ? ಇರಬಾರದು. ತಗಡಿನ ಅಂಚು ಸವೆದು ಕುದುರೆಯ ಅಂಚು ಮಾತ್ರ ಚೂಪಾಗಿದ್ದರೆ ಆ ಎರಡೂ ಒಂದೇ ಕಾಲದವಲ್ಲ. ನನ್ನ ಮಟ್ಟಿಗೆ ಹೆಸರಾಂತ ತಯಾರಕನ ಗುರುತಿಗಿಂತ ಈ ಪರೀಕ್ಷೆಯೇ ದೊಡ್ಡದು.

ಗುರುತುಗಳ ವಿಷಯಕ್ಕೆ ಬಂದರೆ, ಬ್ರಿಟಿಷ್ ಸೇನೆಯ ಪಿಸ್ತೂಲಿನ ತಗಡಿನ ಮೇಲೆ ಸಾಮಾನ್ಯವಾಗಿ ಕಿರೀಟದಡಿ ಜಾರ್ಜ್ ದೊರೆಯ ‘ಜಿಆರ್’, ತಗಡಿನ ಹಿಂಭಾಗದಲ್ಲಿ ಲಂಡನ್ ಟವರ್ ಶಸ್ತ್ರಾಗಾರವನ್ನು ಸೂಚಿಸುವ ‘ಟವರ್’ ಎಂಬ ಪದ ಇರುತ್ತದೆ. ಅಲಂಕಾರಕ್ಕೆಂದು ಈಚೆಗೆ ಎರಕ ಹೊಯ್ದ ನಕಲಿಗಳಲ್ಲಿ ಈ ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಆಯುಧಗಳ ಮೇಲೆ ಮೊದಲು ಹೃದಯಾಕಾರದ ಮುದ್ರೆ, 19ನೇ ಶತಮಾನದ ಮೊದಲ ದಶಕದ ನಂತರ ಹಿಂಗಾಲ ಮೇಲೆ ನಿಂತ ಸಿಂಹ. ನಳಿಗೆಯ ಬಲ ಪರೀಕ್ಷಿಸಿ ಮುದ್ರೆ ಹಾಕುವ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ ಸ್ಥಾಪನೆಯಾದದ್ದು 1813ರ ಕಾಯ್ದೆಯಿಂದ. ಅದರ ಮುದ್ರೆಯಿರುವ ನಳಿಗೆಯನ್ನು 1790ರದ್ದೆಂದು ಮಾರಿದರೆ ಒಪ್ಪಬೇಡಿ.

ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ‘ಇದು ಟಿಪ್ಪುವಿನದು’. ಶ್ರೀರಂಗಪಟ್ಟಣದಲ್ಲಿ ಉತ್ಕೃಷ್ಟ ಚಕಮಕಿ ಪಿಸ್ತೂಲುಗಳು ತಯಾರಾಗುತ್ತಿದ್ದುದು ನಿಜ. ಹುಲಿಪಟ್ಟೆಯ ಕೆತ್ತನೆ, ಪ್ರವಾದಿಯ ಜನ್ಮದಿಂದ ಎಣಿಸುವ ಮೌಲೂದಿ ವರ್ಷ ಅವುಗಳ ಲಕ್ಷಣ. ಒಂದಕ್ಕೆ ಎಡಗಡೆ, ಇನ್ನೊಂದಕ್ಕೆ ಬಲಗಡೆ ಲಾಕ್ ಕೂಡಿಸಿದ ಜೋಡಿಗಳೂ ಇವೆ. ಆದರೆ 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯ ಆಯುಧಗಳಲ್ಲಿ ಬಹುಪಾಲು ಬ್ರಿಟಿಷ್ ಅಧಿಕಾರಿಗಳೊಂದಿಗೆ ಹಡಗು ಹತ್ತಿದವು. ಪಟ್ಟೆಯನ್ನು ಯಾರು ಬೇಕಾದರೂ ಕೆತ್ತಬಹುದು. ಕೈಯಿಂದ ಕೈಗೆ ಹೇಗೆ ಬಂತು ಎಂಬ ಹಳೆಯ ಪತ್ರ, ಹರಾಜಿನ ಪಟ್ಟಿ ಇಲ್ಲದೆ ಆ ಹೆಸರಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಮನೆಗೆ ತಂದ ಮೇಲೆ ಬರಿಗೈಯಲ್ಲಿ ಲೋಹ ಮುಟ್ಟಬೇಡಿ, ಬೆವರಿನ ಉಪ್ಪು ತುಕ್ಕು ಹಿಡಿಸುತ್ತದೆ. ಹತ್ತಿಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಒರೆಸಿ. ಕಲ್ಲಿಲ್ಲದ ಕುದುರೆಯನ್ನು ಎಳೆದು ಬಿಡಬೇಡಿ, ಮುರಿಯಬಹುದು. ಹೊಂದದ ಸ್ಕ್ರೂಡ್ರೈವರ್ ಹಾಕಿ ತಿರುಪಿನ ತಲೆ ಕೆಡಿಸಬೇಡಿ.

ಮಲೆನಾಡಿನ ಆ ಪಿಸ್ತೂಲನ್ನು ಕೊನೆಗೆ ನುರಿತ ಕುಶಲಕರ್ಮಿಯೊಬ್ಬರು ಬಿಚ್ಚಿದರು. ಹುಣಸೆಹಣ್ಣು ತಲುಪದ ತಗಡಿನ ಒಳಮೈಯಲ್ಲಿ, ಗಟ್ಟಿಯಾದ ಹಳೆಯ ಎಣ್ಣೆಯ ಕೆಳಗೆ, ಲಾಕ್ ಮಾಡಿದ ಕೆಲಸಗಾರನ ಎರಡು ಪುಟ್ಟ ಅಕ್ಷರಗಳು ನಿನ್ನೆ ಹೊಡೆದಷ್ಟು ಸ್ಪಷ್ಟವಾಗಿದ್ದವು.