ಮುಂಜಾನೆಯ ಲಿಂಗಪೂಜೆಗೆ ಹಿಂದಿನ ಸಂಜೆಯೇ ಅಣಿಯಾಗುವುದು ಹೇಗೆ?

ನಮ್ಮ ಅಂಗಡಿಗೆ ಬರುವ ಹುಡುಗರದು ಒಂದೇ ದೂರು: ‘ಅಜ್ಜಾ, ಪೂಜೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ.’ ದೀಕ್ಷೆ ಆಗಿದೆ, ಕೊರಳಲ್ಲಿ ಇಷ್ಟಲಿಂಗವಿಟ್ಟ ಪುಟ್ಟ ಡಬ್ಬಿ, ಅಂದರೆ ಕರಡಿಗೆ ಇದೆ, ಆದರೂ ಐದು ನಿಮಿಷಕ್ಕೆ ಎದ್ದುಬಿಡುತ್ತಾರೆ. ನಾನು ಕಿರಾಣಿ ವ್ಯಾಪಾರಿ, ಮಠದ ಸ್ವಾಮಿಯಲ್ಲ. ಹಾಗಾಗಿ ಮಂತ್ರ ಹೇಳಿಕೊಡುವ ಬದಲು, ನಿನ್ನೆ ಸಂಜೆ ಏನೇನು ಮಾಡಿದೆ ಎಂದು ಕೇಳುತ್ತೇನೆ.

ವ್ಯಾಪಾರದವರಾದರೆ ತಕ್ಕಡಿಯಿಂದ ಶುರು ಮಾಡಿ. ಎಲೆಕ್ಟ್ರಾನಿಕ್ ಯಂತ್ರಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವುದು ಕಾನೂನು; ಅದು ಸರ್ಕಾರಕ್ಕಾಯಿತು. ಗಿರಾಕಿಗೆ ಮಾಡಬೇಕಾದದ್ದು ಬೇರೆ ಇದೆ. ಸಿಹಿತಿಂಡಿಯ ದಪ್ಪ ರಟ್ಟಿನ ಡಬ್ಬಿಯನ್ನು ಮೊದಲು ಖಾಲಿಯಾಗಿಯೇ ತಟ್ಟೆಯ ಮೇಲಿಡಿ, ಗುಂಡಿ ಒತ್ತಿ ಅಂಕಿಯನ್ನು ಸೊನ್ನೆಗೆ ತನ್ನಿ, ಗಿರಾಕಿಯ ಕಣ್ಣು ಆ ಸೊನ್ನೆಯ ಮೇಲೆ ಬಿದ್ದ ಮೇಲೆ ಪೇಡೆ ಹಾಕಿ. ರಟ್ಟನ್ನು ಪೇಡೆಯ ದರಕ್ಕೆ ಮಾರುವವರು ಬಹಳ ಮಂದಿ ಇದ್ದಾರೆ. ಅವರೂ ಮೂರು ಬೆರಳು ವಿಭೂತಿ ಹಚ್ಚುತ್ತಾರೆ, ಇರಲಿ.

ಕದ ಹಾಕುವ ಮುಂಚೆ ಉದ್ರಿ ಪುಸ್ತಕ ಬರೆದು ಮುಗಿಸಿ. ತಲೆಯಲ್ಲಿ ಉಳಿದ ಲೆಕ್ಕ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದಾಗಲೇ ಎದ್ದು ಕೂರುತ್ತದೆ. ಸಗಟು ವ್ಯಾಪಾರಿಗೆ ನಾಳೆ ಕೊಡಬೇಕಾದ ಹಣ ಹೊಂದಿಲ್ಲವೆಂದರೆ ಇಂದೇ ಫೋನ್ ಮಾಡಿ, ಯಾವ ದಿನ ಎಷ್ಟು ಕೊಡುತ್ತೇನೆ ಎಂದು ಹೇಳಿಬಿಡಿ. ಬೈದರೆ ಬೈಸಿಕೊಳ್ಳಿ. ಬೈಸಿಕೊಂಡ ರಾತ್ರಿ ನಿದ್ದೆ ಬರುತ್ತದೆ, ತಪ್ಪಿಸಿಕೊಂಡ ರಾತ್ರಿ ಬರುವುದಿಲ್ಲ.

ರಾತ್ರಿಯ ಊಟ ಹಗುರವಿರಲಿ. ಮೊಬೈಲನ್ನು ಹಾಸಿಗೆಯಿಂದ ದೂರವಿಡಿ.

ಬೆಳಿಗ್ಗೆ ಸ್ನಾನವಾದ ಮೇಲೆ ಬೆನ್ನು ನೇರ ಮಾಡಿ ಕುಳಿತು, ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಗೆ ತೆಗೆದುಕೊಳ್ಳಿ. ನೀರು, ವಿಭೂತಿ, ಪತ್ರೆ, ಹೂವು ಅರ್ಪಿಸಿ. ಇಷ್ಟಕ್ಕೇ ಪೂಜೆ ಮುಗಿಯಿತೆಂದುಕೊಳ್ಳುವುದರಿಂದಲೇ ಹುಡುಗರು ಬೇಗ ಏಳುವುದು. ಬಳಿಕ ಹೂಪತ್ರೆ ಸರಿಸಿ, ಅಂಗೈಯನ್ನು ಕಣ್ಣಿನ ನೇರಕ್ಕೆ ಎತ್ತಿ ಹಿಡಿಯಿರಿ. ಲಿಂಗದ ಮೇಲಿನ ಕಪ್ಪು ಲೇಪ, ಅಂದರೆ ಕಂಥೆ, ಕನ್ನಡಿಯಂತೆ ಹೊಳೆಯುತ್ತದೆ. ದೀಪದ ಬೆಳಕು ಅದರಲ್ಲಿ ಸಣ್ಣ ಚುಕ್ಕೆಯಾಗಿ ಕಾಣುತ್ತದೆ. ದೃಷ್ಟಿಯನ್ನು ಆ ಚುಕ್ಕೆಯಲ್ಲಿ ನಿಲ್ಲಿಸಿ. ಮೊದಲು ಕೈ ನಡುಗುತ್ತದೆ, ಚುಕ್ಕೆ ಅಲ್ಲಾಡುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡರೆ ನಿಲ್ಲುತ್ತದೆ. 20 ನಿಮಿಷವಾದರೂ ಹೀಗೆ ಕೂರಬೇಕು.

ಇನ್ನು ಗಲ್ಲಾದ ಹಣ. ಮನೆ ಖರ್ಚಿನದು, ಸರಕಿನದು, ದಾಸೋಹದ್ದು ಎಂದು ರಾತ್ರಿಯೇ ಬೇರೆ ಮಾಡಿ. ದಾಸೋಹವೆಂದರೆ ಮಠಕ್ಕೆ ಚೀಟಿ ಹರಿಸುವುದಷ್ಟೇ ಅಲ್ಲ. ಬೀದಿ ಗುಡಿಸುವವಳ ಮನೆಗೆ ಜೋಳದ ಚೀಲ ಕಳಿಸಿದರೆ ಅದೂ ದಾಸೋಹವೇ. ಎಷ್ಟು ಉಳಿಸಿಕೊಳ್ಳಬೇಕು ಎಂದು ಕೇಳುವವರಿಗೆ 12ನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತೇನೆ. ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಮನೆಯ ಅಕ್ಕಿಯ ಅಂದಾಜು ಅವಳಿಗೆ ಗೊತ್ತಿತ್ತು. ಹೆಚ್ಚಿನದನ್ನು ತಂದಲ್ಲೇ ಸುರಿದು ಬರಲು ಹೇಳಿದಳು. ಅಷ್ಟು ಗಟ್ಟಿತನ ನನಗಿಲ್ಲ. ನನ್ನ ಗೋದಾಮಿನಲ್ಲಿ ತಿಂಗಳ ಸರಕಿದೆ.

ಸಂತೆಯ ದಿನ ನಸುಕಿನಲ್ಲೇ ಲಾರಿ ಬಂದು ನಿಲ್ಲುತ್ತದೆ, ಆಗೇನು ಮಾಡುವುದು? ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಲಿಂಗ ಒಮ್ಮೆ ಕೊರಳಿನಿಂದ ಜಾರಿ ಬಿತ್ತಂತೆ. ಆತ ಅದಕ್ಕಾಗಿ ನಿಲ್ಲದೆ ಹುಲ್ಲಿನ ಹೊರೆ ಹೊತ್ತು ನಡೆದ ಎಂದು ಶರಣರ ಕಥೆ ಹೇಳುತ್ತದೆ. ಹಾಗಾಗಿ ಹಮಾಲರನ್ನು ಕಾಯಿಸಬೇಡಿ. ಅವರಿಗೂ ಹೊಟ್ಟೆ ಹಸಿದಿರುತ್ತದೆ. ವಿಭೂತಿ ಹಚ್ಚಿಕೊಂಡು ಚೀಲ ಎಣಿಸಿ ಇಳಿಸಿಕೊಳ್ಳಿ, ಅವರ ಕೂಲಿಯನ್ನು ಅಲ್ಲೇ ಕೈಗೆ ಕೊಡಿ, ಆಮೇಲೆ ಕುಳಿತುಕೊಳ್ಳಿ. ತಿಂಡಿ ಮಾತ್ರ ಪೂಜೆಯ ನಂತರವೇ.