ನೀರಿನಿಂದ ಶುರು ಮಾಡಿ: ಕಂಪ್ಯೂಟರಿನಲ್ಲಿ ಕೆಮಿಸ್ಟ್ರಿ ಕಲಿಯುವುದು ಹೇಗೆ?

ಔಷಧದ ಅಣುವೊಂದು ಪ್ರೋಟೀನಿನ ಸಂದಿಯಲ್ಲಿ ಹೋಗಿ ಕೂರುವ ಬಣ್ಣದ ಚಿತ್ರ ನೋಡಿಯೇ ಎಷ್ಟೋ ವಿದ್ಯಾರ್ಥಿಗಳಿಗೆ ಮಾಲಿಕ್ಯುಲರ್ ಮಾಡೆಲಿಂಗ್ ಮೇಲೆ ಆಸೆ ಹುಟ್ಟುತ್ತದೆ. ಆಸೆ ಒಳ್ಳೆಯದೇ. ಆದರೆ ಮೊದಲ ದಿನವೇ ಪ್ರೋಟೀನಿಗೆ ಕೈ ಹಾಕಬೇಡಿ. ಸಾವಿರಾರು ಪರಮಾಣುಗಳಿರುವ ಕಡೆ ಲೆಕ್ಕ ತಪ್ಪಿದರೂ ಗೊತ್ತಾಗುವುದಿಲ್ಲ. ನೀರು ತೆಗೆದುಕೊಳ್ಳಿ, ಮೂರೇ ಪರಮಾಣು. ಅದರ ಅಳತೆ ಪ್ರಯೋಗದಿಂದ ಗೊತ್ತಿದೆ: ಆಕ್ಸಿಜನ್–ಹೈಡ್ರೋಜನ್ ಬಂಧದ ಉದ್ದ 0.958 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ), ಎರಡು ಬಂಧಗಳ ನಡುವಿನ ಕೋನ 104.5 ಡಿಗ್ರಿ. ಇವೆರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಸಾಧಾರಣ ಲ್ಯಾಪ್‌ಟಾಪ್ ಸಾಕು. ಅಣು ಕಟ್ಟಲು ಅವೊಗಾಡ್ರೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಲೆಕ್ಕ ಮಾಡಲು ಆರ್ಕಾ, ಅದೂ ಓದುವವರಿಗೆ ಉಚಿತ.

ಅವೊಗಾಡ್ರೋ ತೆರೆದು, ಆಕ್ಸಿಜನ್ ಆರಿಸಿ, ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ. ಹೈಡ್ರೋಜನ್‌ಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಈಗ ಆಪ್ಟಿಮೈಸ್ ಒತ್ತಿ, ಅಂದರೆ ಶಕ್ತಿ ಕಡಿಮೆಯಾಗುವ ಕಡೆಗೆ ಆಕಾರವನ್ನು ಸರಿಪಡಿಸಲು ಹೇಳಿ. ಇಲ್ಲಿ ಕೆಲಸ ಮಾಡುವುದು ಫೋರ್ಸ್ ಫೀಲ್ಡ್. ಅದರ ಕಣ್ಣಿಗೆ ಪರಮಾಣು ಅಂದರೆ ಗೋಲಿ, ಬಂಧ ಅಂದರೆ ಸ್ಪ್ರಿಂಗ್. ಎಲೆಕ್ಟ್ರಾನ್ ಅನ್ನುವುದೇ ಇಲ್ಲ. ಅದಕ್ಕೇ ಲೆಕ್ಕ ಕ್ಷಣದಲ್ಲಿ ಮುಗಿಯುತ್ತದೆ. ಅದಕ್ಕೇ ಸಾಮಾನ್ಯ ಫೋರ್ಸ್ ಫೀಲ್ಡ್‌ನಲ್ಲಿ ಬಂಧ ಮುರಿಯುವ ರಾಸಾಯನಿಕ ಕ್ರಿಯೆಯನ್ನು ನೋಡಲೂ ಆಗುವುದಿಲ್ಲ.

ಎಲೆಕ್ಟ್ರಾನ್ ಬೇಕೆಂದರೆ ಕ್ವಾಂಟಮ್ ಲೆಕ್ಕಕ್ಕೆ ಹೋಗಬೇಕು. ಆರ್ಕಾಗೆ ಬೇಕಾದ ಇನ್‌ಪುಟ್ ಫೈಲನ್ನು ಅವೊಗಾಡ್ರೋ ಬರೆದುಕೊಡುತ್ತದೆ. ಲೆಕ್ಕದ ಬಗೆ ಆಪ್ಟಿಮೈಸ್, ವಿಧಾನ ಹಾರ್ಟ್ರಿ–ಫಾಕ್, ಬೇಸಿಸ್ ಸೆಟ್ 6-31ಜಿ*, ಚಾರ್ಜ್ 0 ಎಂದು ಕೊಡಿ. ಮಲ್ಟಿಪ್ಲಿಸಿಟಿ ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳ ಸಂಖ್ಯೆಗೆ ಒಂದು ಕೂಡಿಸಿದ್ದು; ಇಲ್ಲಿ ಎಲ್ಲವೂ ಜೋಡಿಯಾಗಿರುವುದರಿಂದ ಅದು 1. ಬೇಸಿಸ್ ಸೆಟ್ ಅಂದರೆ ಎಲೆಕ್ಟ್ರಾನ್ ಮೋಡದ ಆಕಾರ ಜೋಡಿಸಲು ಕೊಡುವ ಗಣಿತದ ತುಂಡುಗಳು. ತುಂಡು ಜಾಸ್ತಿಯಾದಷ್ಟೂ ಆಕಾರ ಚೆನ್ನಾಗಿ ಬರುತ್ತದೆ, ಸಮಯವೂ ಜಾಸ್ತಿ ಹಿಡಿಯುತ್ತದೆ.

ಉತ್ತರ ಸುಮಾರು 0.947 ಆಂಗ್‌ಸ್ಟ್ರಾಮ್, 105.5 ಡಿಗ್ರಿ ಬರುತ್ತದೆ. ನೋಟ್‌ಬುಕ್ಕಿನ ಸಂಖ್ಯೆಗೆ ಹತ್ತಿರ, ಆದರೆ ಅದೇ ಅಲ್ಲ. ಈ ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣ ಇದೆ. ಹಾರ್ಟ್ರಿ–ಫಾಕ್‌ನಲ್ಲಿ ಒಂದು ಎಲೆಕ್ಟ್ರಾನಿಗೆ ಉಳಿದವುಗಳ ಸರಾಸರಿ ಮಾತ್ರ ಕಾಣುತ್ತದೆ. ನಿಜದಲ್ಲಿ ಅವು ಕ್ಷಣಕ್ಷಣವೂ ಒಂದನ್ನೊಂದು ತಪ್ಪಿಸಿಕೊಂಡು ಓಡಾಡುತ್ತವೆ. ಈ ಕೊರತೆಯನ್ನು ಕಡಿಮೆ ಖರ್ಚಿನಲ್ಲಿ ತುಂಬುವ ದಾರಿಯೇ ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತ. ಅದಕ್ಕಾಗಿ ವಾಲ್ಟರ್ ಕೋನ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಜೊತೆಗೆ ಹಂಚಿಕೊಂಡವರು ಜಾನ್ ಪೋಪಲ್. ನೀವು ಈಗ ತಾನೇ ಬಳಸಿದ ಬೇಸಿಸ್ ಸೆಟ್ ಪೋಪಲ್ ಅವರ ಗುಂಪಿನದೇ.

ಈಗ ಬೇಕೆಂದೇ ಒಂದು ತಪ್ಪು ಮಾಡಿ. ಇನ್‌ಪುಟ್ ಫೈಲಿನಲ್ಲಿ ಮೂರೂ ಪರಮಾಣುಗಳನ್ನು ಒಂದೇ ನೇರ ಗೆರೆಯ ಮೇಲೆ ಇಡಿ, 180 ಡಿಗ್ರಿ. ಮತ್ತೆ ಆಪ್ಟಿಮೈಸ್ ಮಾಡಿ. ಬಹಳ ಸಲ ಕಂಪ್ಯೂಟರ್ ಆ ನೇರ ನೀರನ್ನೇ "ಮುಗಿಯಿತು" ಎಂದು ಕೊಟ್ಟುಬಿಡುತ್ತದೆ! ಬೆಟ್ಟದ ತುದಿಯಲ್ಲಿ ಸರಿಯಾಗಿ ನಿಂತ ಗೋಲಿಯ ಹಾಗೆ, ಯಾವ ಕಡೆಗೂ ತಳ್ಳುವ ಬಲ ಇಲ್ಲ. ಬಲ ಸೊನ್ನೆಯಾದರೆ ಸಾಕು, ಪ್ರೋಗ್ರಾಂ ನಿಂತುಬಿಡುತ್ತದೆ. ತುದಿಯೋ ಕಣಿವೆಯೋ (ಅಂದರೆ ಶಕ್ತಿ ಕಡಿಮೆ ಇದ್ದು ಅಣು ನೆಲೆ ನಿಲ್ಲುವ ಆಕಾರವೋ) ಎಂದು ಅದು ಕೇಳುವುದಿಲ್ಲ, ಕೇಳಬೇಕಾದವರು ನೀವು. ಕೇಳುವುದು ಹೇಗೆ? ಫ್ರೀಕ್ವೆನ್ಸಿ ಲೆಕ್ಕ ಹಾಕಿಸಿ. ಕಂಪನದ ಸಂಖ್ಯೆಗಳಲ್ಲಿ ಮೈನಸ್ ಚಿಹ್ನೆ ಕಂಡರೆ ಅದು ಕಣಿವೆಯಲ್ಲ. ಬಾಗಿದ ನೀರಿಗೆ ಮೂರೂ ಸಂಖ್ಯೆ ಪ್ಲಸ್ ಇರುತ್ತವೆ. ಫ್ರೀಕ್ವೆನ್ಸಿ ನೋಡದೆ ಯಾವ ಆಕಾರವನ್ನೂ ನಂಬಬೇಡಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ.

ಮುಂದಿನ ಅಣು ಬ್ಯೂಟೇನ್. ನಾಲ್ಕು ಕಾರ್ಬನ್‌ಗಳ ಸರಪಳಿ. ನಡುವಿನ ಬಂಧವನ್ನು 180 ಡಿಗ್ರಿಗೆ ತಿರುಗಿಸಿ ಒಮ್ಮೆ, 60 ಡಿಗ್ರಿಗೆ ತಿರುಗಿಸಿ ಇನ್ನೊಮ್ಮೆ ಲೆಕ್ಕ ಮಾಡಿ (ಈ ಕೋನ ಅಂದರೆ, ಆ ಬಂಧದ ಉದ್ದಕ್ಕೂ ನೋಡಿದಾಗ ಎರಡು ತುದಿಯ ಕಾರ್ಬನ್‌ಗಳ ನಡುವೆ ಕಾಣುವ ತಿರುವು). ಎರಡೂ ನಿಜವಾದ ಕಣಿವೆಗಳೇ, ಮೈನಸ್ ಇರುವುದಿಲ್ಲ. ಆದರೆ ಒಂದು ಇನ್ನೊಂದಕ್ಕಿಂತ ಆಳ. ಕಂಪ್ಯೂಟರ್ ಹತ್ತಿರದ ಕಣಿವೆಗೆ ಇಳಿಯುತ್ತದೆಯೇ ಹೊರತು ಎಲ್ಲಕ್ಕಿಂತ ಆಳವಾದದ್ದನ್ನು ಹುಡುಕಿಕೊಂಡು ಹೋಗುವುದಿಲ್ಲ. ಎಲ್ಲಿಂದ ಶುರು ಮಾಡಿದಿರಿ ಅನ್ನುವುದು ಅಷ್ಟು ಮುಖ್ಯ.

ಎರಡರ ಶಕ್ತಿಯ ವ್ಯತ್ಯಾಸ ಒಂದು ಮೋಲ್‌ಗೆ ಸುಮಾರು 4 ಕಿಲೋಜೂಲ್. ಆರ್ಕಾ ಶಕ್ತಿ ತೋರಿಸುವುದು ಹಾರ್ಟ್ರಿ ಎಂಬ ಇನ್ನೊಂದು ಮಾನದಲ್ಲಿ. ಒಂದು ಹಾರ್ಟ್ರಿ ಅಂದರೆ ಮೋಲ್‌ಗೆ 2625.5 ಕಿಲೋಜೂಲ್. ಅಂದಮೇಲೆ ನಿಮಗೆ ಬೇಕಾದ ಉತ್ತರ ಸುಮಾರು 0.0015 ಹಾರ್ಟ್ರಿ, ದಶಮಾಂಶದ ಮೂರನೇ ಮನೆಯಲ್ಲಿ ಕೂತಿದೆ! ಸುಮ್ನೆ ಎರಡು ಮನೆಗೆ ದುಂಡು ಮಾಡಿದರೆ ಅದು ಅಳಿಸಿಹೋಗುತ್ತದೆ, ಅಲ್ವಾ? ಆರು ಮನೆಯವರೆಗೂ ಬರೆದುಕೊಳ್ಳಿ. ಎರಡೂ ಲೆಕ್ಕಕ್ಕೆ ಒಂದೇ ವಿಧಾನ, ಒಂದೇ ಬೇಸಿಸ್ ಸೆಟ್ ಇರಲಿ, ಇಲ್ಲದಿದ್ದರೆ ಕಳೆಯುವುದಕ್ಕೆ ಅರ್ಥವೇ ಇಲ್ಲ.

ಆಮೇಲೆ ಆ ಬಂಧವನ್ನು 10 ಡಿಗ್ರಿಯಂತೆ 0ಯಿಂದ 360ರವರೆಗೆ ತಿರುಗಿಸುತ್ತಾ, ಪ್ರತಿ ಸಲ ಶಕ್ತಿಯನ್ನು ಗ್ರಾಫ್ ಹಾಳೆಯಲ್ಲಿ ಕೈಯಿಂದಲೇ ಗುರುತಿಸಿ. ಮೂರು ಕಣಿವೆ ಕಾಣಬೇಕು. 180ರಲ್ಲಿ ಆಳವಾದದ್ದು, 60 ಮತ್ತು 300ರ ಹತ್ತಿರ ಒಂದೇ ಎತ್ತರದ ಎರಡು. ಆ ಎರಡು ಸಮವಾಗಿ ಬರದಿದ್ದರೆ ಇನ್‌ಪುಟ್ ಫೈಲನ್ನು ಇನ್ನೊಮ್ಮೆ ತೆರೆದು ನೋಡಿ.